ಇವತ್ತ ಯಾರ ಹೊಲ?

ಅಥಣಿ ಸೀಮೆ
12 ಡಿಸೆಂಬರ್ 2024

ಮಗಳೇ ರಾಜೇಶ್ವರಿ,

ಪತ್ರದಲ್ಲಿ ಮೊದಲು ಎಲ್ಲರೂ ಆರಾಮ ಇದ್ದಾರೆಂದು ಬರೆಯಬೇಕು. ಕುರಿಗಳು ಆರಾಮ ಇವೆ, ನಾಯಿ ಆರಾಮ ಇದೆ, ನಿಮ್ಮಪ್ಪನೂ ಆರಾಮ ಇದ್ದಾನೆ. ನಾನು ಮಾತ್ರ ಸಿಟ್ಟಿನಲ್ಲಿದ್ದೇನೆ.

ಮೊನ್ನೆ ಫೋನಿನಲ್ಲಿ ನಿಮ್ಮಪ್ಪ ನಿನಗೆ ಏನು ಹೇಳಿದನೆಂದು ನನಗೆ ಗೊತ್ತು. ಕಂಬಳಿ ಹೊದ್ದು ಮಲಗಿದ್ದೆ, ಕಿವಿ ಮಲಗಿರಲಿಲ್ಲ. "ನಿಮ್ಮವ್ವನ ತಲಿ ಸರಿ ಇಲ್ಲದಂಗ ಆಗೇತಿ ನೋಡವ್ವಾ" ಅಂದನಲ್ಲ? ನನ್ನ ತಲೆ ಬರೊಬ್ಬರಿ ಇದೆ. ಕನಸು ಬೀಳುತ್ತದೆ, ಅಷ್ಟೇ.

ಯಾವ ಕನಸೆಂದು ನಿನಗೆ ಹೇಳಬೇಕಾಗಿಲ್ಲ. ಹತ್ತೊಂಬತ್ತರ ಮಹಾಪೂರದಲ್ಲಿ ಜುಗೂಳದ ಹೊಲದಿಂದ ಕೃಷ್ಣೆ ನಮ್ಮ ಮೂವತ್ತೆರಡು ಕುರಿ ಒಯ್ದಳಲ್ಲ, ಅದೇ. ಇನ್ನೊಂದು ರಾತ್ರಿ ಅಲ್ಲೇ ನಿಲ್ಲೋಣ ಎಂದವಳು ನಾನೇ, ಅದೂ ಎಲ್ಲರಿಗೂ ಗೊತ್ತು. ಮೊದಲು ವರ್ಷಕ್ಕೊಮ್ಮೆ ಬೀಳುತ್ತಿದ್ದ ಕನಸು ಈಗ ವಾರಕ್ಕೆರಡು ಸಲ ಬೀಳುತ್ತಿದೆ. "ನೀರ ಬಂತು, ನೀರ ಬಂತು" ಎಂದು ನಾನು ಚೀರುತ್ತೇನಂತೆ. ಕುರಿಗಳು ಬೆದರಿ ಸುತ್ತ ಕಟ್ಟಿದ ಬಲೆ ಹರಿದುಕೊಂಡು ಓಡುತ್ತವೆ. ಹೋದ ಸೋಮವಾರ ಹಾಗೆ ಓಡುವಾಗ ಎಂಟು ದಿನದ ಮರಿಯೊಂದು ಕಾಲಡಿ ಸಿಕ್ಕು ಸತ್ತಿತು. ನನ್ನ ಬಾಯಿಂದ ಸತ್ತಿತು ಅದು.

ನಿಮ್ಮಪ್ಪ ಯುಗಾದಿಯವರೆಗೆ ನೋಡುತ್ತಾನಂತೆ. ಆಮೇಲೂ ಚೀರಾಟ ನಿಲ್ಲದಿದ್ದರೆ ಹಿಂಡಿನ ಮುಂದಿನ ಕೋಲು ನಿಮ್ಮ ಕಾಕಾ ಮಾಳೇಶನ ಕೈಗೆ, ನಾನು ಐನಾಪುರದ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂಡಬೇಕು. ಇಪ್ಪತ್ತಾರು ವರ್ಷ ಹಿಂಡಿನ ಮುಂದೆ ನಡೆದವಳು ನಾನು! ನಾನು ಮನೆಯಲ್ಲಿ ಕೂತರೆ ಸಾಯುತ್ತೇನೆ, ಬೇಕಾದರೆ ಬರೆದಿಟ್ಟುಕೋ.

ನೀನು ಧಾರವಾಡದಲ್ಲಿ ಮನಸ್ಸಿನ ಶಾಸ್ತ್ರವನ್ನೇ ಓದುತ್ತೀಯಲ್ಲ, ಇದಕ್ಕೇನಾದರೂ ಇದ್ದರೆ ಹೇಳು. ನಿದ್ದೆ ಗುಳಿಗೆ ಮಾತ್ರ ಬೇಡ. ಸತ್ತವರಂತೆ ಮಲಗುವ ಕುರುಬರನ್ನು ಕಂಡರೆ ತೋಳಕ್ಕೆ ಭಾರೀ ಖುಷಿ. ಫೋನ್ ಮಾಡಬೇಡ. ಫೋನ್ ನಿಮ್ಮಪ್ಪನ ಕಿಸೆಯಲ್ಲಿರುತ್ತದೆ, ನನ್ನ ಮಾತು ನಾಲ್ಕು ಮಂದಿ ಕೇಳುತ್ತಾರೆ. ಐನಾಪುರದ ಮನೆಗೆ ಕಾಗದ ಹಾಕು, ಸಂತೆಗೆ ಹೋದಾಗ ಮಾಳೇಶ ತರುತ್ತಾನೆ. ಏಳನೇ ಇಯತ್ತೆಯಲ್ಲಿ ನನ್ನ ಅಕ್ಷರಕ್ಕೆ ಮಾಸ್ತರರು ಇಡೀ ಸಾಲೆಯ ಎದುರು ಶಾಬಾಸ್ ಅಂದಿದ್ದರು. ಓದಲು ನಿನಗೇನೂ ತ್ರಾಸಾಗಲಾರದು.

ನಿನ್ನ ಅವ್ವ


ಧಾರವಾಡ
22 ಡಿಸೆಂಬರ್ 2024

ಅವ್ವ,

ಅಕ್ಷರ ಮುತ್ತಿನಂತಿದೆ. ಹಾಸ್ಟೆಲಿನ ಗೆಳತಿಯರಿಗೆಲ್ಲ ತೋರಿಸಿದೆ, ಒಳಗಿನ ಮಾತು ಮಾತ್ರ ತೋರಿಸಲಿಲ್ಲ.

ನಿನ್ನ ತಲೆ ಸರಿಯಿದೆ. ಅಪ್ಪನಿಗೂ ಅದನ್ನೇ ಹೇಳಿದ್ದೇನೆ. ಈ ವರ್ಷ ನನ್ನ ಎಂ.ಎ. ಪ್ರಬಂಧಕ್ಕೆ ನಾನು ಆರಿಸಿಕೊಂಡಿರುವ ವಿಷಯ ಕೇಳಿದರೆ ನೀನು ನಗುತ್ತೀಯ. ಕನಸು ಕಾಣುತ್ತಿರುವಾಗಲೇ "ಇದು ಕನಸು" ಎಂದು ಕೆಲವರಿಗೆ ಗೊತ್ತಾಗುತ್ತದೆ. ಅಭ್ಯಾಸ ಮಾಡಿದರೆ ಬೇರೆಯವರಿಗೂ ಗೊತ್ತಾಗಬಹುದಂತೆ. ಗೊತ್ತಾದ ಮೇಲೆ ಹೆದರಿಕೆ ಹೋಗುತ್ತದೆ, ಚೀರಾಟ ನಿಲ್ಲುತ್ತದೆ. ಹನ್ನೊಂದು ಜನರನ್ನು ಹಿಡಿದು ಅಭ್ಯಾಸ ಮಾಡಿಸುತ್ತಿದ್ದೇನೆ. ನೀನು ಬಂದರೆ ಹನ್ನೆರಡು.

ಇದಕ್ಕೆಲ್ಲ ಬುಡ ನೆನಪು. ಮೊದಲ ಕೆಲಸ, ಎದ್ದ ಕೂಡಲೇ ಯಾರೊಂದಿಗೂ ಮಾತಾಡದೆ, ಕಂಡ ಕನಸನ್ನು ಬರೆದಿಡುವುದು. ಒಂದೇ ಸಾಲು ನೆನಪಾದರೆ ಒಂದೇ ಸಾಲು. ಎರಡನೆಯದು, ಹಗಲಲ್ಲಿ ಹತ್ತು ಸಲ ನಿಂತು "ಈಗ ಎಚ್ಚರವಿದ್ದೇನೋ, ಕನಸೋ?" ಎಂದು ಕೇಳಿಕೊಂಡು ಅಂಗೈ ನೋಡಿಕೊಳ್ಳುವುದು. ಕನಸಿನಲ್ಲಿ ಕೈಬೆರಳು ಆರೇಳು ಕಾಣಿಸುತ್ತವೆಂದು ನನ್ನ ಪ್ರಬಂಧ ನೋಡುವ ಮೇಡಮ್ ಹೇಳುತ್ತಾರೆ. ಹಗಲಿನ ರೂಢಿ ಕನಸಿಗೂ ಬರುತ್ತದೆ. ಮೂರನೆಯದು, ಮಲಗುವಾಗ "ಮುಂದಿನ ಸಲ ಕನಸು ಬಿದ್ದರೆ ಅದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ" ಎಂದು ಗಟ್ಟಿಯಾಗಿ ಮನಸ್ಸಿಗೆ ಹೇಳಿಕೊಳ್ಳುವುದು.

ಬರೆದ ಹಾಳೆಗಳನ್ನು ನನಗೆ ಕಳಿಸು. ಕುರಿ ಹೋದ ಆ ದಿನದ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಈಗಲೂ ಬೇಡ, ಮೊದಲು ಇದಾಗಲಿ.

ನಿನ್ನ
ರಾಜಿ


ಅಥಣಿ ಸೀಮೆ
15 ಜನವರಿ 2025

ರಾಜೀ,

ನಿಮ್ಮ ಮೇಡಮ್ ಕುರಿ ಕಾದವರಲ್ಲ ಎಂದು ಮೊದಲೇ ಗೊತ್ತಾಯಿತು. ಹಗಲಲ್ಲಿ ಹತ್ತು ಸಲ ಅಂಗೈ ನೋಡುತ್ತ ನಿಂತರೆ ಹಿಂಡು ಯಾರದೋ ಕಡಲೆ ಹೊಲ ಹೊಕ್ಕಿರುತ್ತದೆ. ಹೊಕ್ಕೂ ಆಯಿತು, ಬೈಗುಳ ತಿಂದೂ ಆಯಿತು. ನಿಮ್ಮ ಕಾಕಾ ಮಾಳೇಶ ಬಿದ್ದು ಬಿದ್ದು ನಕ್ಕ. "ಏನ್ ವೈನಿ, ದಿನಾ ಕೈ ನೋಡ್ಕೊಳ್ಳಾಕತ್ತೀರಿ? ರಾಜಯೋಗ ಬರದೈತೇನ್ರಿ?" ಎಂದ. "ಅಂಗೈ ಹುಣ್ಣಿಗೆ ಕನ್ನಡಿ ಯಾಕಂತ ಕೇಳಿದ್ದೆ, ನೋಡಾಕತ್ತೀನಿ" ಎಂದೆ. ಇನ್ನೇನು ಹೇಳಲಿ?

ಕನಸಿನಲ್ಲೂ ಅಂಗೈ ನೋಡಿದೆ. ಖರೇ ನೋಡಿದೆ, ನಿನ್ನಾಣೆ. ಹೊಳೆ ಏರುತ್ತಿತ್ತು, ಕುರಿ ಕೊಚ್ಚಿಕೊಂಡು ಹೋಗುತ್ತಿದ್ದವು, ನಾನು ಶಾಣ್ಯಾಳ ಹಾಗೆ ಕೈ ಎತ್ತಿ ನೋಡಿದೆ. ಐದೇ ಬೆರಳು ಇದ್ದವು. ಐದಿದ್ದ ಮೇಲೆ ಇದು ಖರೇನೇ ಎಂದು ಇನ್ನಷ್ಟು ಜೋರಾಗಿ ಚೀರಿದೆ. ಬೆಳಿಗ್ಗೆ ನಿಮ್ಮಪ್ಪ ಬಲೆ ಹೊಲಿಯುತ್ತ ಕೂತಿದ್ದ, ನನ್ನ ಮುಖ ನೋಡಲಿಲ್ಲ.

ಆದರೆ ಬರೆಯುವ ಕೆಲಸ ನಡೆದಿದೆ. ಮೊದಲ ವಾರ ಎರಡು ಸಾಲಿಗೆ ಕನಸು ಮುಗಿಯುತ್ತಿತ್ತು. ಈಗ ಹಾಳೆಯ ಎರಡೂ ಬದಿ ಸಾಲುವುದಿಲ್ಲ. ಹದಿನಾಲ್ಕು ಹಾಳೆ ಕಳಿಸಿದ್ದೇನೆ. ಬರೆಯುತ್ತ ಬರೆಯುತ್ತ ಒಂದು ಮಾತು ಗಮನಕ್ಕೆ ಬಂತು. ಕನಸಿನ ಕುರಿಗಳಿಗೆ ಮುಖವಿರುವುದಿಲ್ಲ. ಮೈ ಇರುತ್ತದೆ, ಉಣ್ಣೆ ಇರುತ್ತದೆ, ಮುಖದ ಜಾಗ ಬರಿದು. ಅದನ್ನು ಬರೆದ ದಿನ ಊಟ ಸೇರಲಿಲ್ಲ ನನಗೆ.

ಯುಗಾದಿಗೆ ಇನ್ನು ಎರಡೂವರೆ ತಿಂಗಳಿದೆ. ಬೇರೆ ಏನಾದರೂ ಹೇಳು.

ಅವ್ವ


ಧಾರವಾಡ
30 ಜನವರಿ 2025

ಅವ್ವ,

ಬೆರಳಿನ ಉಪಾಯ ನನಗೂ ಫಲಿಸಿಲ್ಲ. ಆರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೇನೆ, ಒಂದು ಸಲವೂ ಕನಸಿನಲ್ಲಿ ಎಚ್ಚರವಾಗಿಲ್ಲ. ಇದನ್ನು ಮೇಡಮ್‌ಗೆ ಹೇಳಿಲ್ಲ, ನಿನಗಷ್ಟೇ ಹೇಳುತ್ತಿದ್ದೇನೆ.

ನಿನ್ನ ಹದಿನಾಲ್ಕು ಹಾಳೆಗಳನ್ನು ಮತ್ತೆ ಮತ್ತೆ ಓದಿದೆ. ನನಗೆ ಅನ್ನಿಸಿದ್ದು ಇಷ್ಟು. ಕನಸಿನಲ್ಲಿ ಕಣ್ಣು ಮೋಸ ಮಾಡುತ್ತದೆ, ಕೈಯೂ ಮೋಸ ಮಾಡುತ್ತದೆ. ಆದರೆ ಕನಸಿಗೆ ನಿನ್ನೆ ಎಂಬುದಿರುವುದಿಲ್ಲ. ನಾವು ಅಲ್ಲಿಗೆ ಹೇಗೆ ಬಂದೆವು, ಅದಕ್ಕಿಂತ ಮೊದಲು ಎಲ್ಲಿದ್ದೆವು ಎಂದು ಕನಸಿನೊಳಗೆ ನಾವು ಕೇಳಿಕೊಳ್ಳುವುದೇ ಇಲ್ಲ. ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ಹಾಗಾಗಿ ನೋಡುವುದನ್ನು ಬಿಟ್ಟು ನೆನಪು ಮಾಡಿಕೊಳ್ಳುವುದನ್ನು ರೂಢಿಸಿಕೋ. ಎಚ್ಚರವಿದ್ದಾಗ ಎಂದೂ ಮರೆಯದ, ದಿನಾ ಬದಲಾಗುವ ಒಂದು ಸಂಗತಿ ಬೇಕು. ಹಗಲೆಲ್ಲ ಅದನ್ನೇ ಕೇಳಿಕೊಳ್ಳಬೇಕು. ನನ್ನ ಹಾಸ್ಟೆಲ್ ಕೋಣೆ ದಿನವೂ ಅದೇ, ನನಗೆ ಅಂಥದ್ದೇನೂ ಹೊಳೆಯುತ್ತಿಲ್ಲ. ನಿನ್ನದು ನೀನೇ ಹುಡುಕಬೇಕು ಅವ್ವ, ಪುಸ್ತಕದಲ್ಲಿಲ್ಲ.

ರಾಜಿ


ಶೇಡಬಾಳದ ಹತ್ತಿರ
18 ಫೆಬ್ರುವರಿ 2025

ಮಗಳೇ,

ಸಿಕ್ಕಿತು! ಪುಸ್ತಕದಲ್ಲಿಲ್ಲದ್ದು ನಿಮ್ಮವ್ವನ ಕಾಲಬುಡದಲ್ಲೇ ಬಿದ್ದಿತ್ತು.

ಕುರುಬರು ಸಂಜೆ ಎದುರಾದರೆ ಮೊದಲು ಏನು ಕೇಳುತ್ತಾರೆ? ಊಟ ಆಯಿತೇ ಎನ್ನುವುದು ಆಮೇಲೆ. "ಇವತ್ತ ಯಾರ ಹೊಲ?" ಎಂದು ಕೇಳುತ್ತಾರೆ. ಗೊಬ್ಬರಕ್ಕೆಂದು ರೈತರು ಕರೆದಲ್ಲಿ ನಾವು ಕುರಿ ತರುಬುತ್ತೇವೆ, ಒಂದು ರಾತ್ರಿ, ಹೆಚ್ಚೆಂದರೆ ಮೂರು ರಾತ್ರಿ. ಆಮೇಲೆ ಬೇರೆ ಹೊಲ, ಬೇರೆ ಮಣ್ಣು, ಬೇರೆ ನೀರು. ಊರಿನವರಿಗೆ ನಿನ್ನೆಯ ರಾತ್ರಿ, ಮೊನ್ನೆಯ ರಾತ್ರಿ ಎಲ್ಲ ಒಂದೇ ಮಾಳಿಗೆಯ ಕೆಳಗೆ. ನಮಗೆ ಹಾಗಿಲ್ಲ. ಒಂದೊಂದು ರಾತ್ರಿಗೆ ಒಂದೊಂದು ಹೊಲ, ಒಂದೊಂದು ಹೊಲಕ್ಕೆ ಒಬ್ಬೊಬ್ಬ ಯಜಮಾನ. ನಾನು ನಮ್ಮಪ್ಪನ ಹೆಗಲ ಮೇಲೆ ಕೂತಾಗಿನಿಂದ ಈ ಮಾತು ಕೇಳಿದ್ದೇನೆ, ಅದಕ್ಕೇ ಹೊಳೆದಿರಲಿಲ್ಲ.

ಈಗ ಕೋಲು ಕೈಗೆತ್ತಿಕೊಂಡಾಗಲೆಲ್ಲ ಕೇಳಿಕೊಳ್ಳುತ್ತೇನೆ. ಇವತ್ತ ಯಾರ ಹೊಲ? ನಿನ್ನೆ ಯಾರದು? ಮೊನ್ನೆ ಯಾರದು? ಸಂಜೆ ಬಲೆ ಕಟ್ಟಿದ ಮೇಲೆ ಹಿಂದಕ್ಕೆ ಎಣಿಸುತ್ತ ಹೋಗುತ್ತೇನೆ. ದೀಪಾವಳಿಯಿಂದ ಇವತ್ತಿನವರೆಗೆ ಒಂದೂ ತಪ್ಪದೆ ಹೇಳುತ್ತೇನೆ, ಯಾವ ಕಾಲೇಜಿನವರು ಬೇಕಾದರೂ ಬಂದು ಪರೀಕ್ಷೆ ಮಾಡಲಿ. ನಿಮ್ಮಪ್ಪನೂ ಹಟಕ್ಕೆ ಬಿದ್ದ. ಅವನಿಗೂ ನನಗೂ ಪಂತ. ಇಪ್ಪತ್ತಾರನೆಯ ಹೊಲಕ್ಕೆ ಎಡವಿದ. "ಅದ ಯಾರದಲೇ, ಆ ಬಾವಿ ಇದ್ದಿದ್ದು?" ಎಂದು ತಲೆ ಕೆರೆದುಕೊಂಡ. "ಮೋಳೆಯ ಅನುಸೂಯಾಬಾಯಿದು. ನಿನ್ನ ಎಡಗಾಲ ಚಪ್ಪಲಿ ನಾಯಿ ಒಯ್ದಿತ್ತಲ್ಲ, ಅದ ಹೊಲ" ಎಂದೆ. ಬಹಳ ದಿನಕ್ಕೆ ನಿಮ್ಮಪ್ಪ ನನ್ನ ಮುಖ ನೋಡಿ ನಕ್ಕ.

ಕನಸಿನಲ್ಲಿ ಇನ್ನೂ ಕೇಳಿಕೊಂಡಿಲ್ಲ. ಹೋದ ವಾರ ಎರಡು ಸಲ ಚೀರಿದೆ. ಆದರೆ ಈ ಸಲ ದಾರಿ ನನ್ನದು, ನಿಮ್ಮ ಮೇಡಮ್ಮಿನದಲ್ಲ.

ಅವ್ವ


ಶೇಡಬಾಳದ ಹತ್ತಿರ
9 ಮಾರ್ಚ್ 2025

ರಾಜೀ,

ಇನ್ನೂ ಯಾರೊಂದಿಗೂ ಮಾತಾಡಿಲ್ಲ. ಚಹಾಕ್ಕೂ ಬೆಂಕಿ ಹಚ್ಚಿಲ್ಲ. ಮೊದಲು ನಿನಗೆ ಬರೆಯುತ್ತಿದ್ದೇನೆ.

ಅದೇ ಹೊಲ, ಅದೇ ಹೊಳೆ. ನೀರು ಮೊಣಕಾಲಿಗೆ ಬಂದಿತ್ತು. ಬಾಯಿ ತೆರೆದಿದ್ದೆ, ಚೀರಬೇಕು. ಕೈಯಲ್ಲಿ ಕೋಲಿತ್ತು. ಕೋಲು ಹಿಡಿದ ಕೂಡಲೇ ರೂಢಿಯಂತೆ ಬಾಯಿ ತಾನೇ ಕೇಳಿತು, ಇವತ್ತ ಯಾರ ಹೊಲ? ಜುಗೂಳದ ಮುಜಫ್ಫರಣ್ಣನ ಹೊಲ. ನಿನ್ನೆ ಯಾರದು? ಹೇಳಲಾಗಲಿಲ್ಲ. ಮೊನ್ನೆ? ಅದೂ ಇಲ್ಲ. ಎಷ್ಟು ತಡಕಾಡಿದರೂ ಹಿಂದೆ ಒಂದೂ ಹೊಲವಿಲ್ಲ! ಅಯ್ಯ ಶಿವನೇ, ನಿನ್ನೆಯ ಹೊಲವಿಲ್ಲದೆ ಯಾವ ಕುರುಬತಿ ಇವತ್ತಿನ ಹೊಲಕ್ಕೆ ಬಂದಾಳು? ಇದು ಕನಸು ಎಂದೆ. ಕನಸಿನೊಳಗೇ ನಿಂತು, ಬಾಯಿಬಿಟ್ಟು ಹೇಳಿದೆ.

ನೀರು ಹಾಗೆಯೇ ಏರುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ನನಗೆ ಅನ್ನಿಸಲೇ ಇಲ್ಲ. ನಾನು ಕುರಿಗಳನ್ನು ಕರೆದೆ. ಬಿಳಿಮೂಗಿ ಬಾ. ಮೋಟಗಿವಿ ಬಾ. ಚಂದ್ರಿ, ಕುಂಟಗುಂಡಿ, ಜೋಡಿಮರಿಯ ತಾಯಿ, ಬಾ. ಹೆಸರು ಕರೆದಂತೆಲ್ಲ ಮುಖ ಬಂತು ಮಗಳೇ. ಒಂದೊಂದೇ ಕುರಿ ತನ್ನ ಮುಖ ಹೊತ್ತು ನೀರಿನಿಂದ ಎದ್ದು ಬಂದು ನನ್ನ ಕಾಲಿಗೆ ಮೈ ಒರೆಸಿಕೊಂಡು ಹಿಂದೆ ಹೋಯಿತು. ಮೂವತ್ತೆರಡೂ ಬಂದವು. ಆರು ವರ್ಷವಾಗುತ್ತ ಬಂತು, ಒಂದರ ಹೆಸರೂ ಮರೆತಿಲ್ಲ ನಾನು. ಅವು ಸತ್ತಿವೆಯೆಂದು ನನಗೆ ಆಗಲೂ ಗೊತ್ತಿತ್ತು. ಆದರೂ ಕಣ್ತುಂಬ ನೋಡಿದೆ.

ಆಮೇಲೆ ಎಚ್ಚರಾಯಿತು. ಹಿಂಡು ಸುಮ್ಮನೆ ಮೆಲುಕು ಹಾಕುತ್ತಿದೆ. ನಿಮ್ಮಪ್ಪ ಗೊರಕೆ ಹೊಡೆಯುತ್ತಿದ್ದಾನೆ. ನಾನು ಚೀರಲಿಲ್ಲ ರಾಜೀ. ಬಾಯಿ ಮೇಲೆ ಕೈ ಇಟ್ಟುಕೊಂಡು ಅತ್ತೆ, ಅಷ್ಟೇ. ಈಗ ಅಳುವೂ ಇಲ್ಲ. ಎದ್ದು ಊರಿಗೆಲ್ಲ ಡಂಗುರ ಸಾರಬೇಕು ಅನ್ನಿಸುತ್ತಿದೆ.

ಅವ್ವ


ಧಾರವಾಡ
19 ಮಾರ್ಚ್ 2025

ಅವ್ವ,

ನಿನ್ನ ಕಾಗದವನ್ನು ಓದುವ ಕೋಣೆಯಲ್ಲಿ ಒಡೆದೆ, ಅದೇ ತಪ್ಪಾಯಿತು. ಅತ್ತ ಸಪ್ಪಳಕ್ಕೆ ಎಲ್ಲರೂ ತಿರುಗಿ ನೋಡಿದರು. ಮೇಡಮ್‌ಗೆ ಓದಿ ಹೇಳಿದೆ. ಅವರು "ನಿಮ್ಮ ತಾಯಿ ಎಲ್ಲಿ ಕಲಿತಾರ?" ಎಂದು ಕೇಳಿದರು. ಏಳನೇ ಇಯತ್ತೆ, ಐನಾಪುರ ಎಂದೆ. ಅಷ್ಟು ಜಂಬದಿಂದ ನಾನು ಯಾವ ಮಾತನ್ನೂ ಆಡಿಲ್ಲ.

ಈಗ ನಾನು ಹೇಳಲೇಬೇಕಾದ ಮಾತು. ಮಹಾಪೂರದ ಆ ವರ್ಷ ನಾನು ಪಿ.ಯು. ಎರಡನೇ ವರ್ಷ. ಮೊದಲ ಕಿರುಪರೀಕ್ಷೆ ಹತ್ತಿರವಿತ್ತು, ನಾನು ಪುಸ್ತಕ ಕಟ್ಟಿಕೊಂಡು ನಿಮ್ಮ ಜೊತೆ ಹೊಲಕ್ಕೆ ಬಂದಿದ್ದೆ. ಮುಜಫ್ಫರ್ ಮಾಮಾನ ಪಂಪಿನ ಮನೆಯಲ್ಲಿ ಕರೆಂಟಿನ ದೀಪವಿತ್ತು. ಅಪ್ಪ ಸಂಜೆಯೇ ಹೊರಡೋಣ ಎಂದಿದ್ದ. "ಇನ್ನೊಂದ ರಾತ್ರಿ ಇರೂನು ಅವ್ವಾ, ಓದೂದು ಉಳದೈತಿ" ಎಂದವಳು ನಾನು. ನೀನು ಎಲ್ಲರ ಮುಂದೆ ಅದು ನಿನ್ನ ಮಾತೆಂದೆ. ಊರು ಬೈದಾಗಲೂ, ಕಾಕಾ ಬೈದಾಗಲೂ ನೀನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ನಾನು ಈ ವಿಷಯವನ್ನು ಯಾಕೆ ಆರಿಸಿಕೊಂಡೆ ಎಂದು ಎಲ್ಲರೂ ಕೇಳುತ್ತಾರೆ. ನೀನು ಕೇಳಲಿಲ್ಲ.

ರಾಜಿ


ಕಾಗವಾಡದ ಹತ್ತಿರ
7 ಏಪ್ರಿಲ್ 2025

ಹುಚ್ಚು ಮಗಳೇ,

ಕೇಳಿದವಳು ನೀನು, ಒಪ್ಪಿದವಳು ನಾನು. ಹಿಂಡಿನ ಮುಂದೆ ಕೋಲು ಹಿಡಿದವಳು ಒಪ್ಪಿದ ಮೇಲೆ ಅದು ಕೋಲು ಹಿಡಿದವಳ ಮಾತು. ಹದಿನೇಳು ವರ್ಷದ ಹುಡುಗಿಯ ತಲೆಯ ಮೇಲೆ ಮೂವತ್ತೆರಡು ಕುರಿ ಹೇರುವಷ್ಟು ಸಣ್ಣವಳಲ್ಲ ನಿಮ್ಮವ್ವ ಅಕ್ಕುತಾಯಿ. ನೀನು ಆ ರಾತ್ರಿ ಓದಿದ್ದಕ್ಕೆ ಇವತ್ತು ಧಾರವಾಡದಲ್ಲಿದ್ದೀಯ. ಇನ್ನು ಆ ಮಾತೆತ್ತಿದರೆ ಬಂದು ಕಪಾಳಕ್ಕೆ ಕೊಡುತ್ತೇನೆ, ಎಂ.ಎ. ಅಂತ ನೋಡುವುದಿಲ್ಲ.

ಯುಗಾದಿ ಆಯಿತು. ನಿಮ್ಮಪ್ಪ ಬೇವುಬೆಲ್ಲ ಕೊಟ್ಟ. ಮರುದಿನ ಬೆಳಿಗ್ಗೆ ಕೋಲು ತಂದು ನನ್ನ ಕೈಗಿಟ್ಟು "ಮುಂದ ನಡಿ" ಎಂದ. ನಾನು ನಡೆದೆ. ಕನಸು ಆಮೇಲೆ ಮೂರು ಸಲ ಬಿದ್ದಿದೆ. ಎರಡು ಸಲ ಗುರುತು ಹಿಡಿದೆ. ಒಂದು ಸಲ ಹಿಡಿಯಲಿಲ್ಲ, ಚೀರಿದೆ, ಸುಳ್ಳು ಯಾಕೆ ಹೇಳಲಿ? ಅದಕ್ಕೇ ಮಾಳೇಶ ಇನ್ನೂ ಮೂಗು ಮುರಿಯುತ್ತಾನೆ.

ಇನ್ನೊಂದು ಸುದ್ದಿ. ಮುಜಫ್ಫರಣ್ಣ ಹೇಳಿ ಕಳಿಸಿದ್ದಾನೆ. ಶ್ರಾವಣದಲ್ಲಿ ಅವನ ಹೊಲದಲ್ಲಿ ಅಡಸಾಲಿ, ಅಂದರೆ ಹದಿನೆಂಟು ತಿಂಗಳ ಕಬ್ಬು ನೆಡುವುದಿದೆಯಂತೆ, ಅದಕ್ಕೆ ಮೊದಲು ಎರಡು ರಾತ್ರಿ ಕುರಿ ತರುಬಬೇಕಂತೆ. "ಆರು ವರ್ಷದಿಂದ ನಿಮ್ಮ ಹಿಂಡು ನಮ್ಮ ಹೊಲ ತುಳದಿಲ್ಲ, ಅಕ್ಕಾ ಇನ್ನೂ ಸಿಟ್ಟಿನಾಗ ಅದಾಳೇನು?" ಎಂದು ಕೇಳಿದನಂತೆ. ಬರುತ್ತೇನೆಂದು ಹೇಳಿ ಕಳಿಸಿದ್ದೇನೆ.

ಅವ್ವ


ಧಾರವಾಡ
20 ಏಪ್ರಿಲ್ 2025

ಅವ್ವ,

ಬೇಡ. ಕನಸಿನ ಹೊಳೆಯ ಗುರುತು ಹಿಡಿದದ್ದು ಬೇರೆ, ಖರೇ ಹೊಳೆ ಬೇರೆ. ಆ ಹೊಲ ಬಿಟ್ಟು ನೂರು ಹೊಲಗಳಿವೆ. ನೀನು ಯಾರಿಗೂ ಏನನ್ನೂ ತೋರಿಸಿಕೊಡಬೇಕಾಗಿಲ್ಲ. ನನ್ನ ಮಾತು ಕೇಳು, ಈ ಒಂದು ಸಲ ಕೇಳು.

ರಾಜಿ


ಜುಗೂಳ
2 ಆಗಸ್ಟ್ 2025

ರಾಜೀ,

ನಿನ್ನ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಏನು ಬರೆದರೂ ನೀನು ಮತ್ತೆ ಬೇಡ ಎನ್ನುತ್ತಿದ್ದೆ. ಈಗ ಪೂರಾ ಬರೆಯುತ್ತೇನೆ, ಕೂತು ಓದು.

ಮೂವತ್ತನೇ ತಾರೀಖು ಮುಜಫ್ಫರಣ್ಣನ ಹೊಲಕ್ಕೆ ಬಂದೆವು. ಬರುವ ಮೊದಲು ನಾನೇ ಹೊಳೆಯ ದಂಡೆಗೆ ಹೋಗಿ ನೋಡಿದ್ದೆ. ನೀರು ತಗ್ಗಿನಲ್ಲಿತ್ತು. ಮೊದಲ ರಾತ್ರಿ ಒಳ್ಳೆಯ ನಿದ್ದೆ ಬಂತು. ಎರಡನೆಯ ರಾತ್ರಿ, ಇನ್ನೂ ಕೋಳಿ ಕೂಗದ ಹೊತ್ತಿಗೆ ಎಚ್ಚರಾಯಿತು. ಮರಿಗಳು ಒದರುತ್ತಿದ್ದವು. ಎದ್ದು ನಿಂತೆ. ಹೊಲದ ತುದಿಯಲ್ಲಿ ನೀರು ಹೊಳೆಯುತ್ತಿತ್ತು.

ನಿನ್ನ ಮುಂದೆ ಖರೇ ಹೇಳುತ್ತೇನೆ. ನನಗೆ ಹೆದರಿಕೆ ಆಗಲಿಲ್ಲ. ಅದೇ ಹೊಲ, ಅದೇ ನೀರು, ಮತ್ತೆ ಕನಸು ಬಿತ್ತು ಅಂದುಕೊಂಡೆ. ಹಗೂರಕ್ಕೆ ಕೋಲು ತೆಗೆದುಕೊಂಡೆ. ಬಿಳಿಮೂಗಿಯನ್ನು ಕರೆಯಲು ಬಾಯಿ ತೆರೆದಿದ್ದೆ, ಸತ್ತ ಬಿಳಿಮೂಗಿಯನ್ನು! ಅಷ್ಟರಲ್ಲಿ ರೂಢಿ ಬಿಡಲಿಲ್ಲ. ಇವತ್ತ ಯಾರ ಹೊಲ? ಮುಜಫ್ಫರಣ್ಣನದು, ಎರಡನೇ ರಾತ್ರಿ. ಅದಕ್ಕೆ ಮೊದಲು? ಮಂಗಸೂಳಿಯ ಮಾಯಪ್ಪನದು, ಮೂರು ರಾತ್ರಿ. ಅದಕ್ಕೆ ಮೊದಲು? ಉಗಾರದ ಸುಗಂಧಾಳದು, ಅಲ್ಲಿ ಮಳೆ ಬಂದು ಹಿಟ್ಟು ನೆನೆದಿತ್ತು. ಅದಕ್ಕೆ ಮೊದಲು? ಅದೂ ಬಂತು. ಕೇಳಿದಂತೆಲ್ಲ ಹೊಲಗಳು ಬರುತ್ತಲೇ ಇದ್ದವು ರಾಜೀ. ಆಗ ಗೊತ್ತಾಯಿತು, ಇದು ಖರೇ ನೀರು.

"ನೀರ ಬಂತು, ಏಳ್ರಿ!" ಎಂದು ಚೀರಿದೆ.

ಯಾರು ಏಳುತ್ತಾರೆ? ಮಾಳೇಶ ಕಂಬಳಿಯೊಳಗಿಂದಲೇ "ವೈನಿಗಿ ಮತ್ತ ಕನಸ ಬಿತ್ತ ನೋಡಪಾ. ಮಕ್ಕೋರಿ ವೈನಿ, ಜುಗೂಳಕ್ಕ ಬಂದ್ರ ಇದ ಆಕ್ಕೈತಿ ಅಂತ ನಾ ಹೇಳಿದ್ದಿಲ್ಲೇನು?" ಎಂದ. ಬ್ಯಾಟರಿ ಹಚ್ಚಿ ಹೊಳೆಯ ಕಡೆ ಬಿಟ್ಟ. "ನೋಡ್ರಿ, ಹೊಳಿ ಅಲ್ಲೇ ಐತಿ. ಎಲ್ಲಿ ನೀರು?" ಹೊಳೆಯ ಕಡೆ ನೀರಿರಲಿಲ್ಲ. ಮೇಲಿನ ಸೀಮೆಯ ಮಳೆಗೆ ಹೊಳೆ ಏರಿ, ಹಿಂದಿನ ಹಳ್ಳಕ್ಕೆ ನುಗ್ಗಿ, ನಮ್ಮ ಬೆನ್ನ ಕಡೆಯಿಂದ ಪಕ್ಕದ ಹೊಲದ ಕಬ್ಬಿನ ಸಾಲಿನೊಳಗೆ ಹಾದು ಬರುತ್ತಿತ್ತು.

ಅವನನ್ನು ಬಿಟ್ಟು ನಿಮ್ಮಪ್ಪನ ಎದುರು ನಿಂತೆ. "ನಾ ಎಚ್ಚರ ಅದೀನಿ. ಕೇಳು" ಎಂದು ಹಿಂದಕ್ಕೆ ಹೇಳುತ್ತ ಹೋದೆ. "ಮಂಗಸೂಳಿ ಮಾಯಪ್ಪ, ಮೂರ ರಾತ್ರಿ. ಉಗಾರದ ಸುಗಂಧಾ, ಎರಡ. ಐನಾಪುರದ ತಬಸ್ಸುಮಳ ಬಾಂದಿನ ಹೊಲ, ಒಂದ. ಕಾಗವಾಡದ ಹುಣಸಿಗಿಡದ ಹೊಲ, ಎರಡ, ಅಲ್ಲಿ ನಿನಗ ಜ್ವರಾ ಬಂದಿದ್ವು." ನಾಲ್ಕನೆಯ ಹೊಲಕ್ಕೆ ನಿಮ್ಮಪ್ಪ ಎದ್ದು ಕೂತ. ಕನಸಿನಲ್ಲಿ ನನ್ನ ಹಿಂದೆ ಹೊಲವಿರುವುದಿಲ್ಲವೆಂದು ಅವನಿಗೆ ನಾನೇ ಹೇಳಿದ್ದೆ, ಪಂತ ಕಟ್ಟಿ ಸೋತವನು ಅವನೇ. ಹಾಗೇ ಎದ್ದು ಬಲೆಯ ಗೂಟ ಕೀಳತೊಡಗಿದ. "ಯಣ್ಣಾ, ನೀನೂ ಹುಚ್ಚಾದೇನು?" ಎಂದು ಮಾಳೇಶ ಎದ್ದು ನಿಂತದ್ದೇ ತಡ, ಪಚಕ್ಕೆಂದು ಅವನ ಕಾಲು ನೀರಿಗೆ ಬಿತ್ತು. ಆಮೇಲೆ ಅವನೇ ಓಡಿ ಮರಿಗಳನ್ನು ಬುಟ್ಟಿಗೆ ತುಂಬತೊಡಗಿದ.

ನಾನು ಮುಂದೆ ನಡೆದೆ. ನನ್ನ ದನಿ ಹಿಡಿದು ಹಿಂಡು ನಡೆಯಿತು. ನಿಮ್ಮಪ್ಪ ಹಿಂದೆ, ಮಾಳೇಶ ಬುಟ್ಟಿಯಲ್ಲಿ ಮರಿ ಹೊತ್ತು ನಡುವೆ. ನಡುದಾರಿಗೆ ಮುಜಫ್ಫರಣ್ಣ ಟ್ರ್ಯಾಕ್ಟರ್ ತಂದ, ಉಳಿದ ಮರಿಗಳನ್ನು ಅದರೊಳಗೆ ಹಾಕಿದೆವು. ಊರ ದಿಬ್ಬದ ಮೇಲೆ ಹೊತ್ತು ಮೂಡಿತು. ಕೆಳಗೆ ನೋಡಿದರೆ ನಾವು ಮಲಗಿದ್ದ ಜಾಗದಲ್ಲಿ ಎದೆಮಟ್ಟ ನೀರು ನಿಂತಿತ್ತು.

ಮುಖ ನೋಡಿ ನೋಡಿ ಎಣಿಸಿದೆ. ನೂರಾ ತೊಂಬತ್ತನಾಲ್ಕು. ಒಂದೂ ಹೋಗಿಲ್ಲ. ಎಲ್ಲದಕ್ಕೂ ಮುಖವಿತ್ತು.

ಸಂಜೆ ಮಾಳೇಶ ತಾನೇ ಚಹಾ ಮಾಡಿ ತಂದುಕೊಟ್ಟ. ನಾಲ್ಕು ಸಲ ಗಂಟಲು ಸರಿಮಾಡಿಕೊಂಡು "ನಾಳಿ ಯಾರ ಹೊಲಕ್ಕ ಹೋಗೂನು, ನೀವ ಹೇಳ್ರಿ ವೈನಿ" ಎಂದ. ನಾನು ಚಹಾ ಪೂರಾ ಕುಡಿದ ಮೇಲೆ ಹೇಳಿದೆ. ಅಷ್ಟು ಹೊತ್ತು ಕಾಯಲಿ, ಏನಾಗುತ್ತದೆ?

ಅವ್ವ


ಧಾರವಾಡ
14 ಆಗಸ್ಟ್ 2025

ಅವ್ವ,

ನಿನ್ನ ಕಾಗದ ಬಂತು. ಮೊದಲು ಬೈಯಬೇಕೆಂದುಕೊಂಡೆ, ಬೇಡವೆಂದಿದ್ದರೂ ಹೋದೆಯಲ್ಲ ಎಂದು. ನೂರಾ ತೊಂಬತ್ತನಾಲ್ಕಕ್ಕೆ ಬಂದಾಗ ಎದ್ದು ನಿಂತು ಓದಿದೆ. ನೀನು ನನ್ನ ಅವ್ವ ಎಂದು ಈ ವಾರ ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೂ ಹೇಳಿದೆ.

ಪ್ರಬಂಧ ಈ ತಿಂಗಳ ಕೊನೆಗೆ ಒಪ್ಪಿಸಬೇಕು. ಹನ್ನೆರಡು ಜನರಲ್ಲಿ ಐದು ಜನಕ್ಕೆ ಕನಸಿನೊಳಗೆ ಎಚ್ಚರವಾಯಿತು. ಒಂದಕ್ಕಿಂತ ಹೆಚ್ಚು ಸಲ ಆದದ್ದು ನಿನಗೊಬ್ಬಳಿಗೇ. ನಿನ್ನ ಪ್ರಶ್ನೆಗೆಂದೇ ಇಡೀ ಒಂದು ಅಧ್ಯಾಯ ಬರೆದಿದ್ದೇನೆ. ಒಂದೇ ಬೇಸರದ ಸಂಗತಿ ಎಂದರೆ, ಇಂಥ ಕೆಲಸದಲ್ಲಿ ಭಾಗವಹಿಸಿದವರ ಹೆಸರು ಬರೆಯುವ ಹಾಗಿಲ್ಲ. ಗುಟ್ಟು ಕಾಪಾಡಲು ಎಲ್ಲರಿಗೂ ಚೀಟಿ ಎತ್ತಿ ಒಂದೊಂದು ಸಂಖ್ಯೆ ಕೊಡುತ್ತಾರೆ. ಪುಸ್ತಕದಲ್ಲಿ ನೀನು "ಏಳನೆಯವರು". ಹೆಸರು ಹಾಕಲು ತಾವಾಗಿ ಒಪ್ಪಿ ಕೈಬರಹದಲ್ಲಿ ಬರೆದುಕೊಟ್ಟರೆ ಮಾತ್ರ ಹಾಕಬಹುದೆಂದು ಮೇಡಮ್ ಹೇಳಿದರು. ಆದರೆ ನೀನು ಚೀರುತ್ತಿದ್ದದ್ದು, ಮರಿ ಸತ್ತದ್ದು, ಮೂವತ್ತೆರಡು ಕುರಿ ಹೋದದ್ದು ಎಲ್ಲ ಅದರಲ್ಲಿದೆ. ನಾಲ್ಕು ಜನ ಓದುತ್ತಾರೆ. ಯೋಚನೆ ಮಾಡು.

ನಿನ್ನ
ರಾಜಿ


ಐನಾಪುರ
23 ಆಗಸ್ಟ್ 2025

ರಾಜೇಶ್ವರಿ,

ಯೋಚನೆ ಮಾಡಲು ಏನಿದೆ? ನಾಲ್ಕು ಜನ ಯಾಕೆ, ನಲವತ್ತು ಜನ ಓದಲಿ. ಚೀರಿದ್ದೂ ನಾನೇ, ಎದ್ದು ನಿಂತದ್ದೂ ನಾನೇ. ಒಂದನ್ನು ಮುಚ್ಚಿಟ್ಟರೆ ಇನ್ನೊಂದನ್ನು ಯಾರು ನಂಬುತ್ತಾರೆ?

ಏಳನೆಯವಳು ಯಾರೋ ನನಗೆ ಗೊತ್ತಿಲ್ಲ. ನಿಮ್ಮ ಮೇಡಮ್ಮಿಗೆ ಕೈಬರಹ ಬೇಕಲ್ಲ, ಇಲ್ಲಿದೆ, ತೋರಿಸು. ಅಕ್ಷರ ಓದಲು ಬರದಿದ್ದರೆ ನನ್ನನ್ನು ಕೇಳಲಿ.

ಈ ಪುಸ್ತಕದಲ್ಲಿ ಬರೆದ ಕನಸುಗಳನ್ನು ಕಂಡವಳು ನಾನು. ಹೆಸರು ಹಾಕಲು ನನ್ನ ಒಪ್ಪಿಗೆ ಇದೆ. ದೊಡ್ಡ ಅಕ್ಷರದಲ್ಲಿ ಹಾಕಿರಿ.

ಅಕ್ಕುತಾಯಿ ಜಕ್ಕಪ್ಪ ಗಾವಡೆ
ಕುರಿ ಕಾಯುವವಳು